ಚಿತ್ರ ಬರೆದ ಕಲಾವಿದೆಯರನ್ನು ಸರ್ಕಾರಗಳು ಯಾವ ಆರೋಪದ ಮೇಲೆ ಜೈಲಿಗೆ ಹಾಕುತ್ತವೆ?

ಚಿತ್ರ ಬರೆದದ್ದೇ ಅಪರಾಧ ಅಂತ ಸಾಮಾನ್ಯವಾಗಿ ಯಾರೂ ಬರೆದುಕೊಳ್ಳುವುದಿಲ್ಲ. ಕೇಸು ಬೀಳುವುದು ಬೇರೆ ಹೆಸರಲ್ಲಿ. ಟರ್ಕಿಯ ಕುರ್ದಿಶ್ ಕಲಾವಿದೆ, ಪತ್ರಕರ್ತೆ ಝೆಹ್ರಾ ದೋಆನ್ ಮೇಲೆ ಬಿದ್ದದ್ದು ‘ಭಯೋತ್ಪಾದನೆಯ ಪ್ರಚಾರ’. ಟರ್ಕಿ ಸೇನೆಯ ಕಾರ್ಯಾಚರಣೆಯಲ್ಲಿ ಕುಸಿದುಬಿದ್ದ ನುಸೈಬಿನ್ ಪಟ್ಟಣ, ಕಟ್ಟಡಗಳ ಮೇಲೆ ಟರ್ಕಿಯ ಬಾವುಟ: ಆ ಚಿತ್ರವೂ ಅವರ ವಿರುದ್ಧ ಸಾಕ್ಷಿಯಾಯಿತು. 2017ರಲ್ಲಿ 2 ವರ್ಷ 9 ತಿಂಗಳಿಗೂ ಮೇಲ್ಪಟ್ಟು ಶಿಕ್ಷೆ. ಒಳಗೆ ಬಣ್ಣ ಕೊಡಲಿಲ್ಲ. ಕಾಫಿ, ಊಟದಲ್ಲಿ ಉಳಿದದ್ದು, ಕೊನೆಗೆ ಮುಟ್ಟಿನ ರಕ್ತ, ಸಿಕ್ಕಿದ್ದರಲ್ಲೇ ಬಟ್ಟೆ, ಪೇಪರಿನ ಮೇಲೆ ಬರೆದರು.

ರಷ್ಯಾದ ಕಲಾವಿದೆ ಸಾಶಾ ಸ್ಕೋಚಿಲೆಂಕೊ ಕೇಸು ಇನ್ನೂ ವಿಚಿತ್ರ. 2022ರಲ್ಲಿ ಸೂಪರ್‌ಮಾರ್ಕೆಟ್ಟಿನ 5 ಬೆಲೆಚೀಟಿ ತೆಗೆದು ಯುದ್ಧವಿರೋಧಿ ಚೀಟಿ ಇಟ್ಟದ್ದಕ್ಕೆ 7 ವರ್ಷ! ಆರೋಪ, ‘ಸೇನೆಯ ಬಗ್ಗೆ ಸುಳ್ಳು ಮಾಹಿತಿ’. 2024ರ ಆಗಸ್ಟಿನಲ್ಲಿ ಕೈದಿಗಳ ವಿನಿಮಯವಾದಾಗ ಹೊರಬಂದರು.