ಪೊಟರೆ ಮರ ಕಡೀಬೇಡಿ, ಒಳಗೆ ಬಾಣಂತಿ ಇದಾಳೆ

ಪ್ರಶ್ನೆ: ಸರ್, ನಮ್ದು ಶಿರಸಿ ಹತ್ರ ಅಡಿಕೆ ತೋಟ. ಮೇಲಿನ ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರೋ ಕಾಡು) ಅರ್ಧ ಒಣಗಿದ ಹಳೇ ಮತ್ತಿ ಮರ ಇದೆ, ಅಪ್ಪಯ್ಯ ಕಟ್ಟಿಗೆಗೆ ಕಡಿಸ್ವ ಅಂತಿದಾರೆ. ಆದ್ರೆ ಪ್ರತಿ ಬೇಸಿಗೆ ಅದರ ಪೊಟರೆಗೆ ಬೂದು ಬಣ್ಣದ ಮಂಗಟ್ಟೆ (ಹಾರ್ನ್‌ಬಿಲ್) ಜೋಡಿ ಬರತ್ತೆ. ಈ ಸಲ ಗಂಡು ಒಂದೇ ಓಡಾಡ್ತಿದೆ, ಹೆಣ್ಣು ಸತ್ತುಹೋಯ್ತಾ? ನಮ್ಮನೆ ಮಾಣಿ ಮರ ಹತ್ತಿ ವಿಡಿಯೋ ಮಾಡ್ತೇನೆ ಅಂತ ಕುಣೀತಿದಾನೆ.

ಉತ್ತರ: ಸತ್ತಿಲ್ಲ ಮಾರಾಯ್ರೆ, ಒಳಗೇ ಇದೆ! ಮಂಗಟ್ಟೆ ಹೆಣ್ಣು ಪೊಟರೆ ಒಳಗೆ ಹೋಗಿ ಕೂತು ತನ್ನ ಹಿಕ್ಕೆಯಿಂದಲೇ ಬಾಗಿಲು ಮೆತ್ಕೊಂಡು ಬಿಡತ್ತೆ, ಕೊಕ್ಕು ತೂರೋವಷ್ಟು ಒಂದು ಸೀಳು ಮಾತ್ರ ಬಿಟ್ಟು. ಒಳಗಿರುವಾಗಲೇ ಅದರ ರೆಕ್ಕೆ ಗರಿ ಉದುರಿ ಹೊಸದು ಬರೋದ್ರಿಂದ ಆ ಟೈಮಲ್ಲಿ ಹಾರೋಕೂ ಆಗಲ್ಲ. ಈ ಬೂದು ಮಂಗಟ್ಟೆಯಲ್ಲಂತೂ ಮರಿ ಹಾರೋವರೆಗೆ, ಅಂದ್ರೆ ಹತ್ರ ಹತ್ರ ಮೂರು ತಿಂಗಳು, ಗಂಡೇ ಇಡೀ ಸಂಸಾರ ಸಾಕಬೇಕು. ಗಂಟಲಲ್ಲಿ ಹಣ್ಣು ತುಂಬ್ಕೊಂಡು ಬಂದು ಕಾಂಡಕ್ಕೆ ಜೋತುಬಿದ್ದು ಒಂದೊಂದಾಗಿ ಕಕ್ಕಿ ಆ ಸೀಳಲ್ಲಿ ಕೊಡತ್ತೆ.

ಹಂಗಾಗಿ ಮಾಣಿಗೆ ಮರ ಹತ್ತಬೇಡ ಅಂತ ಖಡಾಖಂಡಿತವಾಗಿ ಹೇಳಿ. ಜನ ಬುಡದಲ್ಲೇ ನಿಂತ್ರೆ ಗಂಡು ಹಣ್ಣು ಬಾಯಲ್ಲಿಟ್ಕೊಂಡೇ ದೂರದ ಮರದಲ್ಲಿ ಕಾಯ್ತಾ ಕೂರತ್ತೆ, ಒಳಗಿನವ್ರಿಗೆ ಉಪವಾಸ. ಡ್ರೋನ್ ಅಂತೂ ಬೇಡವೇ ಬೇಡ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕಾಡುಹಕ್ಕಿ ಗೂಡಿಗೆ ಕೈ ಹಾಕೋದು ಅಪರಾಧ ಅನ್ನೋದೂ ಅವನಿಗೆ ಗೊತ್ತಿರ್ಲಿ. ಬದಲಿಗೆ ಗಂಡು ಆಚೆ ಹೋದಾಗ ಮರದ ಕೆಳಗೆ ಬೇಗ ಒಂದ್ಸಲ ನೋಡ್ಕೊಂಡು ಬರ್ಲಿ, ಒಳಗಿಂದ ಉದುರಿದ ಬೀಜ ಬಿದ್ದಿರತ್ತೆ. ಯಾವ ಯಾವ ಮರದ ಹಣ್ಣು ತಿಂದಿದೆ ಅಂತ ಅಪ್ಪಯ್ಯನ ಹತ್ರ ಕೇಳಿ ಬರ್ಕೊಂಡ್ರೆ ವಿಡಿಯೋಗಿಂತ ಒಳ್ಳೆ ಕೆಲಸ ಅದು (ಅಪ್ಪಯ್ಯನೂ ಖುಷಿಯಾಗಿ ಮರ ಕಡಿಯೋ ಸುದ್ದಿ ಬಿಡಬಹುದು).

ಇನ್ನು ಮರದ ವಿಷಯ. ಮಂಗಟ್ಟೆಗೆ ಅಷ್ಟು ದೊಡ್ಡ ಕೊಕ್ಕಿದ್ರೂ ಮರಕುಟಿಗನ ಥರ ತೂತು ಕೊರೆಯೋಕೆ ಬರಲ್ಲ, ಟೊಂಗೆ ಮುರಿದು ಕೊಳೆತು ತಾನಾಗೇ ಆದ ಪೊಟರೆನೇ ಬೇಕು, ಅದು ಆಗೋಕೆ ಎಷ್ಟೋ ವರ್ಷ ಹಿಡಿಯತ್ತೆ, ಒಂದ್ಸಲ ಸಿಕ್ರೆ ಅದಕ್ಕೇ ವರ್ಷ ವರ್ಷ ಬರತ್ತೆ. ನಿಮ್ಮ ಕಣ್ಣಿಗೆ ಅದು ಒಣಮರ, ಬರೀ ಕಟ್ಟಿಗೆ. ಸೊಪ್ಪಿನ ಬೆಟ್ಟದಲ್ಲಿ ನಮಗಿರೋದು ಸೊಪ್ಪಿನ ಹಕ್ಕು, ಮರ ಕಡಿಯೋಕೆ ಅರಣ್ಯ ಇಲಾಖೆ ಪರ್ಮಿಶನ್ ಬೇಕು, ಅದೂ ನೆನಪಿರ್ಲಿ. ರಾಮಪತ್ರೆ (ಕಾಡು ಜಾಯಿಕಾಯಿ) ಕೊಯ್ಯೋವಾಗ್ಲೂ ಮರ ಪೂರ್ತಿ ಬೋಳಿಸದೆ ಒಂದಿಷ್ಟು ಬಿಡಿ, ಅದೂ ಮಂಗಟ್ಟೆ ಊಟನೇ. ಗೂಡಿನ ಲೊಕೇಶನ್ ಮಾತ್ರ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ, ಕ್ಯಾಮೆರಾ ಹಿಡ್ಕೊಂಡು ಬೆಂಗಳೂರಿಂದ ಜನ ಬಂದುಬಿಡ್ತಾರೆ.

ಪ್ರಶ್ನೆ: ಕಾರವಾರ ಬೀಚಲ್ಲಿ ಚಳಿಗಾಲಕ್ಕೆ ಅಲೆ ಅಂಚಲ್ಲಿ ಪುಟುಪುಟು ಓಡೋ ಸಣ್ಣ ಹಕ್ಕಿಗಳು ಎಲ್ಲಿಂದ ಬರ್ತಾವೆ? ಮಕ್ಕಳು ಅಟ್ಟಿಸ್ಕೊಂಡು ಹೋಗ್ತಾರೆ, ತೊಂದರೆ ಇಲ್ವಾ?

ಉತ್ತರ: ತೊಂದರೆ ಇದೆ. ಅವುಗಳಲ್ಲಿ ಕೆಲವು ಲಡಾಖ್, ಟಿಬೆಟ್ ಕಡೆ ಮರಿ ಮಾಡಿ ಇಲ್ಲಿಗೆ ಬರೋವು, ಇನ್ನು ಕೆಲವು ಅದಕ್ಕಿಂತ ಉತ್ತರದವು. ಬೇಸಿಗೆಯಲ್ಲಿ ವಾಪಸ್ ಹೋಗೋಕೆ ಮೈಯಲ್ಲಿ ಕೊಬ್ಬು ಸೇರಿಸ್ಕೋಬೇಕು, ಪ್ರತಿ ಸಲ ಎಬ್ಬಿಸಿದಾಗ್ಲೂ ಅದು ಸುಮ್ನೆ ಕರಗತ್ತೆ. ನಾಯಿ ಕರ್ಕೊಂಡು ಹೋದ್ರೆ ಚೈನ್ ಬಿಚ್ಚಬೇಡಿ. ಕಡಲಕ್ಕಿಗಳಿಗೆ ಕುರ್ಕುರೆ, ಬಿಸ್ಕೀಟು ಎಸೆಯೋದು ನನಗಂತೂ ಸಿಟ್ಟು ಬರಿಸೋ ವಿಷಯ. ಈ ಹಕ್ಕಿಗಳನ್ನ ಸರಿಯಾಗಿ ನೋಡಬೇಕು ಅಂದ್ರೆ ಕುಮಟಾ ಕಡೆ ಅಘನಾಶಿನಿ ಅಳಿವೆಗೆ ಹೋಗಿ, 2024ರಲ್ಲಿ ರಾಮ್ಸರ್ ಪಟ್ಟಿಗೆ (ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ ಜಾಗ ಅದು. ಇಳಿತದ ಹೊತ್ತಲ್ಲಿ ಕೆಸರು ಬಯಲು ತೆರೆದಾಗ ಹೋಗಬೇಕು, ಭರತ ಇದ್ರೆ ಬರೀ ನೀರು ನೋಡ್ಕೊಂಡು ಬರ್ತೀರಿ.

ಪ್ರಶ್ನೆ: ಹೊಸಬರಿಗೆ ಯಾವ ಬೈನಾಕ್ಯುಲರ್ ಒಳ್ಳೇದು?

ಉತ್ತರ: 8x42, ಅಂದ್ರೆ ಎಂಟು ಪಟ್ಟು ದೊಡ್ಡದಾಗಿ ತೋರಿಸೋ, ಮುಂದಿನ ಗಾಜು 42 ಮಿ.ಮೀ. ಅಗಲ ಇರೋದು. ಜಾಸ್ತಿ ಝೂಮ್ ಆಸೆಗೆ ಬಿದ್ರೆ ಕೈ ನಡುಗಿ ಏನೂ ಕಾಣಲ್ಲ. ಮೊಬೈಲಲ್ಲಿ ಹಕ್ಕಿ ಗುರುತಿಸೋ ಮರ್ಲಿನ್ ಆಪ್ ಹಾಕ್ಕೊಳ್ಳಿ, ಆದ್ರೆ ಅದು ಹೇಳಿದ್ದೆಲ್ಲ ನಂಬಬೇಡಿ, ಕಣ್ಣಲ್ಲಿ ನೋಡಿ ಖಾತ್ರಿ ಆದ್ಮೇಲೆ ಇಬರ್ಡ್‌ಗೆ (ನೋಡಿದ ಹಕ್ಕಿಗಳನ್ನ ದಾಖಲಿಸೋ ವೆಬ್‌ಸೈಟ್) ಲಿಸ್ಟ್ ಹಾಕಿ. ಮಳೆಗಾಲದಲ್ಲಿ ಶಿರಸಿ ಹತ್ರದ ಸೋಂದಾದ ಮುಂಡಿಗೆಕೆರೆಗೆ ಹೋದ್ರೆ ಬೆಳ್ಳಕ್ಕಿ ಗೂಡು ಕಟ್ಟೋದು ದಂಡೆಯಿಂದಲೇ ಕಾಣತ್ತೆ. ಕೊಡೆ ಮರೀಬೇಡಿ.