ಮಳೆಗಾಲದಲ್ಲಿ ಗಿರಣಿಯ ಜಾಲಿ ಯಾಕೆ ಕಟ್ಟಿಕೊಳ್ಳುತ್ತದೆ?

ಪ್ರಶ್ನೆ: ಕಳೆದ ದೀಪಾವಳಿಗೆ 1 ಎಚ್‌ಪಿ ಮೋಟಾರಿನ ಮನೆಗಿರಣಿ ತಂದೆವು. ಬೇಸಿಗೆಯಲ್ಲಿ ಗೋಧಿ ಹಿಟ್ಟು ಹೂವಿನಂತೆ ಬರುತ್ತಿತ್ತು. ಜೂನ್ ನಂತರ ಜಾಲಿ ಪದೇ ಪದೇ ಕಟ್ಟುತ್ತಿದೆ. ಹಿಟ್ಟು ಬಿಸಿಯಾಗಿ, ಉಂಡೆ ಉಂಡೆಯಾಗಿ ಬೀಳುತ್ತದೆ. ಹದಿನೈದು ದಿನಕ್ಕೇ ಮುಗ್ಗಲು ವಾಸನೆ. ನಡುವೆ ಕರೆಂಟ್ ಹೋಗಿ ಬಂದರೆ ಮೋಟಾರು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಯಂತ್ರ ಕೆಟ್ಟಿದೆಯಾ?
– ಓದುಗರೊಬ್ಬರು, ಕುಮಟಾ

ಉತ್ತರ: ಯಂತ್ರಕ್ಕಿಂತ ಮೊದಲು ಕಾಳು ನೋಡಿ. ನಮ್ಮ ಕರಾವಳಿಯ ಮಳೆಯಲ್ಲಿ ಭರಣಿಯೊಳಗಿನ ಉಪ್ಪೇ ನೀರಾಗುತ್ತದೆ. ಚೀಲದಲ್ಲಿಟ್ಟ ಗೋಧಿ ಥಂಡಿ ಎಳೆದುಕೊಳ್ಳದೆ ಇರುತ್ತಾ?

ನಿಮ್ಮಂಥ ಗಿರಣಿಯಲ್ಲಿ ಸಾಮಾನ್ಯವಾಗಿ ಕಲ್ಲು ಇರುವುದಿಲ್ಲ. ಜೋರಾಗಿ ತಿರುಗುವ ಬ್ಲೇಡು ಕಾಳನ್ನು ಬಡಿದು ಪುಡಿ ಮಾಡುತ್ತದೆ, ಸಣ್ಣಗಾದದ್ದು ಜಾಲಿಯ ತೂತಿನಿಂದ ಕೆಳಗೆ ಬೀಳುತ್ತದೆ. ಕಾಳಿನಲ್ಲಿ ನೀರಿನಂಶ ಇದ್ದರೆ ಆ ಬಿಸಿಗೆ ಹಬೆಯಾಗಿ ಹಿಟ್ಟು ಜಾಲಿಗೆ ಮೆತ್ತಿಕೊಳ್ಳುತ್ತದೆ. ತೂತು ಮುಚ್ಚಿದಷ್ಟೂ ಹಿಟ್ಟು ಒಳಗೇ ಸುತ್ತುತ್ತದೆ, ಇನ್ನಷ್ಟು ಬಿಸಿಯಾಗುತ್ತದೆ.

ಒಂದು ಕಾಳು ಹಲ್ಲಿನಲ್ಲಿ ಕಚ್ಚಿ ನೋಡಿ. ಕಟಕ್ ಅಂತ ಒಡೆಯಬೇಕು. ಮೆತ್ತಗೆ ಚಪ್ಪಟೆಯಾದರೆ ಗಿರಣಿಗೆ ಹಾಕಲೇಬೇಡಿ. ನೀರಿನಂಶ ಶೇ. 12ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಹಿಂದೆ ಒಲೆಯ ಮೇಲಿನ ಅಟ್ಟದಲ್ಲಿ ಕಾಳು ಇಡುತ್ತಿದ್ದದ್ದು ಸುಮ್ನೆ ಅಲ್ಲ, ಕೆಳಗಿನ ಬಿಸಿ ಅದನ್ನು ಒಣಗಿಸಿಡುತ್ತಿತ್ತು. ಈಗ ಮೇ ತಿಂಗಳ ಬಿಸಿಲಲ್ಲೇ ಒಣಗಿಸಿ, ಆರಿದ ಮೇಲೆ ಗಟ್ಟಿ ಮುಚ್ಚಳದ ಡಬ್ಬಿಗೆ ತುಂಬಿ. ಮಳೆ ಹಿಡಿದ ಮೇಲಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಬಣ್ಣ ತಿರುಗದಂತೆ ಬೆಚ್ಚಗೆ ಮಾಡಿ. ಪೂರ್ತಿ ಆರಿದ ಮೇಲೇ ಬೀಸಿ.

ಬೀಸಿದ ಹಿಟ್ಟನ್ನೂ ಬಿಸಿ ಇರುವಾಗ ಮುಚ್ಚಬೇಡಿ. ಮುಚ್ಚಳದ ಒಳಗೆ ಬೆವರು ಕೂತು ಅಲ್ಲಿಂದಲೇ ಬೂಷ್ಟು ಶುರುವಾಗುತ್ತದೆ. ಒಣ ಬಟ್ಟೆಯ ಮೇಲೆ ಹರಡಿ ಆರಿಸಿ. ಮನೆಯ ಹಿಟ್ಟಿನಲ್ಲಿ ಮೊಳಕೆಯ ಭಾಗದ ಎಣ್ಣೆಯೂ ಸೇರಿರುತ್ತದೆ. ರುಚಿ ಅದರಿಂದಲೇ, ಬೇಗ ಕಮಟುವುದೂ ಅದರಿಂದಲೇ. ಮಳೆಗಾಲದಲ್ಲಿ ವಾರಕ್ಕೆ ಬೇಕಾದಷ್ಟೇ ಬೀಸಿ. ಗಿರಣಿ ಮನೆಯಲ್ಲೇ ಇದೆ, ಅಲ್ವಾ? ಜಾಸ್ತಿಯಾದರೆ ಫ್ರಿಜ್‌ನಲ್ಲಿಡಿ, ಆದರೆ ಡಬ್ಬಿ ಹೊರಗೆ ತೆಗೆದ ಕೂಡಲೇ ಮುಚ್ಚಳ ತೆರೆಯಬೇಡಿ. ತಣ್ಣನೆ ಹೋದ ಮೇಲೆ ತೆರೆಯಿರಿ.

ಕರೆಂಟಿನ ವಿಷಯ ಮಾತ್ರ ಹಗುರವಾಗಿ ತಗೊಳ್ಳಬೇಡಿ. ಕರೆಂಟ್ ಹೋದಾಗ ಒಳಗೆ ಅರ್ಧ ಬೀಸಿದ ಕಾಳು ತುಂಬಿರುತ್ತದೆ. ಬಂದಾಗ ಆ ಭಾರ ಹೊತ್ತು ಮೋಟಾರು ಏಳಲಾರದು. ಗುಂಯ್ ಎನ್ನುವಾಗ ಸ್ವಿಚ್ ಹಾಗೇ ಬಿಟ್ಟರೆ ವೈಂಡಿಂಗ್, ಅಂದರೆ ಮೋಟಾರಿನೊಳಗಿನ ತಂತಿಯ ಸುರುಳಿ, ಸುಟ್ಟೀತು. ಕರೆಂಟ್ ಹೋದ ಕ್ಷಣವೇ ಸ್ವಿಚ್ ಆರಿಸಿ, ಪ್ಲಗ್ ಕೀಳಿ, ಕಾಳು ಬೀಳುವ ಬಾಯಿ ಮುಚ್ಚಿ, ಒಳಗಿನದನ್ನು ಬ್ರಶ್‌ನಿಂದ ತೆಗೆಯಿರಿ. ಯಾವಾಗಲೂ ಮೊದಲು ಮೋಟಾರು ಓಡಲಿ, ಆಮೇಲೆ ಕಾಳು. ವೋಲ್ಟೇಜ್ ಇಳಿದು ದೀಪ ಮಂಕಾಗಿದ್ದರೆ ಆ ಹೊತ್ತು ಬೀಸುವುದೇ ಬೇಡ.

ಜಾಲಿಯನ್ನು ಒಣ ಬ್ರಶ್‌ನಿಂದಲೇ ಉಜ್ಜಿ, ನೀರು ತಾಗಿಸಬೇಡಿ. ಮೂಲೆಯಲ್ಲಿ ಉಳಿದ ಹಿಟ್ಟಿನಲ್ಲೇ ಹುಳ ಮನೆ ಮಾಡುತ್ತದೆ. ಶೇಂಗಾ, ಎಳ್ಳು, ಕೊಬ್ಬರಿ ಬೇಡ. ಅತ್ರಾಸಕ್ಕೆ (ಕಜ್ಜಾಯಕ್ಕೆ) ನೆನೆಸಿ ಆರಿಸಿದ ಪಸೆ ಅಕ್ಕಿಯೂ ಇದಕ್ಕಲ್ಲ. ಅದನ್ನು ಮಿಕ್ಸಿಯಲ್ಲಿ ತಿರುವಿ ಜರಡಿ ಹಿಡಿಯಿರಿ. ಕೋಳಿ ಸಾರಿನ ಜೊತೆಯ ವಡೆಗೆ ಅಕ್ಕಿ, ಉದ್ದು, ಮೆಂತ್ಯ, ಕೊತ್ತಂಬರಿ ಬೀಜ ಬೀಸುವುದಿದ್ದರೆ ಅದನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ. ಇಲ್ಲವಾದರೆ ಮುಂದಿನ ಚಪಾತಿಗೂ ಮೆಂತ್ಯದ ವಾಸನೆ ಬರುತ್ತದೆ.