1565ಕ್ಕೆ ವಿಜಯನಗರ ಬೀಳಲೇಬೇಕಾ? ಗ್ರ್ಯಾಂಡ್ ಸ್ಟ್ರಾಟೆಜಿ ಆಟ, ಇತಿಹಾಸ ಮತ್ತು ಆಟಗಾರನ ಸ್ವಾತಂತ್ರ್ಯ

ದಖನ್ ಸುಲ್ತಾನರ ಕಾಲದ ಮೇಲೆ ಮಾಡ್ (ಇರೋ ಆಟವನ್ನ ತಿದ್ದಿ ಬದಲಿಸೋ ಆವೃತ್ತಿ) ಮಾಡ್ತಿದ್ದೀರಿ. ವಿಜಯನಗರ 1565ಕ್ಕೆ ಬೀಳಲೇಬೇಕು ಅಂತ ಬರೆದಿಟ್ಟರೆ ಆಡುವವರು ಬೈತಾರೆ, ಬರೆಯದಿದ್ದರೆ ಇತಿಹಾಸ ಬಲ್ಲವರು ಬೈತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ವಿಜಯಪುರದವನು, ಒಂದು ದೇಶ ಹಿಡಿದು ಶತಮಾನಗಟ್ಟಲೆ ಆಳಿಸೋ ಕಂಪ್ಯೂಟರ್ ಆಟ ಯುರೋಪಾ ಯೂನಿವರ್ಸಾಲಿಸ್ 4ರಲ್ಲಿ ಬಿಜಾಪುರವನ್ನೇ ಜಾಸ್ತಿ ಆಡಿದವನು. ಪಕ್ಷಪಾತ ಇದ್ದೇ ಇರುತ್ತೆ, ಅದನ್ನ ಕಳೆದು ಓದಿಕೊಳ್ಳಿ.

ತಾರೀಖು ಹಾಕಬೇಡಿ, ಕಾರಣ ಹಾಕಿ. ಯುರೋಪಾ ಸರಣಿಯ ಎರಡನೇ ಆಟದಲ್ಲಿ ಘಟನೆಗಳು ಬಹುಮಟ್ಟಿಗೆ ಇಸವಿ ನೋಡಿಕೊಂಡೇ ಬರ್ತಿದ್ದವು. ಇತಿಹಾಸ ಗೊತ್ತಿದ್ದವನಿಗೆ ಅದೇ ಕಳ್ಳದಾರಿ. 1565ರ ಜನವರಿಯಲ್ಲಿ ಏಟು ಬೀಳುತ್ತೆ ಅಂತ ಗೊತ್ತಿದ್ದರೆ ಹಿಂದಿನ ದೀಪಾವಳಿಗೇ ದಂಡೆಲ್ಲ ಕೃಷ್ಣಾ ದಂಡೆಗೆ ತಂದು ನಿಲ್ಲಿಸ್ತೀನಿ. ಆಗ ವಿಜಯನಗರವನ್ನ ನಡೆಸ್ತಿದ್ದ ಅಳಿಯ ರಾಮರಾಯನಿಗೆ ಆ ಅನುಕೂಲ ಇರಲಿಲ್ಲ.

ಹಾಗಾದರೆ ಕಾರಣ ಏನಿತ್ತು? ನಮ್ಮ ಕಡೆ ರಕ್ಕಸಗಿ-ತಂಗಡಗಿ ಅಂತ ಕರೆಯೋ ಈ ತಾಳಿಕೋಟೆ ಯುದ್ಧಕ್ಕೆ ಧರ್ಮ ಒಂದನ್ನೇ ಕಾರಣ ಮಾಡಿ ಕೋಡ್ ಬರೆದರೆ ಮಾಡ್ ಅಲ್ಲೇ ಕೆಟ್ಟಿತು. ಅದಕ್ಕೆ ಕೆಲವೇ ವರ್ಷ ಮೊದಲು ನಮ್ಮ ಬಿಜಾಪುರದ ಸುಲ್ತಾನ ಅಲಿ ಆದಿಲ್ ಶಾ ಇನ್ನೊಬ್ಬ ಸುಲ್ತಾನನ ಅಹ್ಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದು ಇದೇ ರಾಮರಾಯನ ಜೊತೆ. ರಾಮರಾಯನ ಮಗ ತೀರಿಕೊಂಡಾಗ ಅಲಿ ಖುದ್ದಾಗಿ ವಿಜಯನಗರಕ್ಕೆ ಹೋಗಿ ಸಂತಾಪ ಹೇಳಿ ಬಂದ. ಹೊರಡುವಾಗ ರಾಮರಾಯ ಊರ ಹೊರಗಿನವರೆಗೆ ಬಂದು ಬೀಳ್ಕೊಡಲಿಲ್ಲ, ಆ ಸಿಟ್ಟು ಅಲಿಯ ಮನಸ್ಸಲ್ಲಿ ಉಳೀತು ಅಂತ ಮುಂದೆ ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಆಟದ ಭಾಷೆಯಲ್ಲಿ ಇದು ಸಂಬಂಧದ ಅಂಕಿಯಲ್ಲಿ ಒಂದು ಮೈನಸ್, ಅಷ್ಟೇ. ಆದರೆ ಅಂಥ ಮೈನಸ್‌ಗಳು ಕೂಡುತ್ತಾ ಹೋದವು. ಸುಲ್ತಾನರನ್ನ ಒಬ್ಬರ ಮೇಲೊಬ್ಬರನ್ನ ಬಿಡ್ತಾ ರಾಮರಾಯ ಎಲ್ಲರಿಂದಲೂ ಒಂದಿಷ್ಟು ಕಿತ್ತುಕೊಂಡ. ಕೊನೆಗೆ ಬದ್ಧವೈರಿಗಳೇ ಬೀಗರಾದರು: ಅಹ್ಮದ್‌ನಗರದ ಚಾಂದ್ ಬೀಬಿ ಅಲಿಗೆ, ಸೊಲ್ಲಾಪುರದ ಕೋಟೆ ವರದಕ್ಷಿಣೆ, ಅಲಿಯ ತಂಗಿ ಅಹ್ಮದ್‌ನಗರದ ಮನೆಗೆ.

ಯುರೋಪಾ 4ರಲ್ಲಿ ಇದಕ್ಕೆ ಬೇಕಾದ ಯಂತ್ರ ಆಗಲೇ ಇದೆ. ನೆರೆಯವರ ನೆಲ ನುಂಗಿದಷ್ಟೂ 'ಅಗ್ರೆಸಿವ್ ಎಕ್ಸ್‌ಪ್ಯಾನ್ಷನ್' ಅನ್ನೋ ಸಿಟ್ಟಿನ ಅಂಕಿ ಏರುತ್ತೆ, ಸಂಬಂಧ ಕೆಟ್ಟವರೆಲ್ಲ ಸೇರಿ ನಿಮ್ಮ ವಿರುದ್ಧ ಕೋಯಲಿಷನ್ (ಒಕ್ಕೂಟ) ಕಟ್ಟುತ್ತಾರೆ. ನೀವು ಅದರ ಮೇಲೆ ದಖನ್ನಿನ ಬಣ್ಣ ಹಚ್ಚಿ: ರಾಯಚೂರು ದೋಆಬ್ (ಕೃಷ್ಣಾ-ತುಂಗಭದ್ರಾ ನಡುವಿನ ನೆಲ) ಯಾರ ಕೈಗೆ ಹೋದರೂ ಉಳಿದವರಿಗೆ ಉರಿ ಜಾಸ್ತಿಯಾಗಲಿ, ಕೋಟೆ ಕೊಟ್ಟು ಹೆಣ್ಣು ತರೋ ಸಂಬಂಧಕ್ಕೆ ಬೆಲೆ ಇರಲಿ. ರಾಮರಾಯನಾಗಿ ಆಡುವವನು ತಾಳ್ಮೆಯಿಂದ ನಡೆದರೆ ತಪ್ಪಿಸಿಕೊಳ್ಳಲಿ. ಅದು ಅವನ ಗಳಿಕೆ.

ಬರಗಾಲ, ರೋಗ ರಾಜನ ಕೈಯಲ್ಲಿ ಇದ್ದವಲ್ಲ. ಅವನ್ನ ಹೊರಗಿನಿಂದಲೇ ತನ್ನಿ, ಯಾರೂ ಕೇಳಲ್ಲ.

ಇನ್ನೊಂದು. ಆಟಗಾರ ಬಿಜಾಪುರ ಹಿಡಿದು ಅಮೆರಿಕಕ್ಕೆ ಹಡಗು ಕಳಿಸಿದರೆ ನನಗೆ ಬೇಜಾರಿಲ್ಲ. ಆ ಹುಚ್ಚಿಗೆ ತಕ್ಕ ಖರ್ಚು ಮಾಡಿರ್ತಾನೆ. ಕಂಪ್ಯೂಟರ್ ಆಡಿಸೋ ಬೀದರ್ ಯಾರೂ ಕೇಳದೆ ಹಾಗೆ ಮಾಡಿದರೆ ಮಾತ್ರ ನಾನು ಆಟ ಮುಚ್ಚಿ ಏಳ್ತೀನಿ. ಎರಡನೇ ಮಹಾಯುದ್ಧದ ಆಟ ಹಾರ್ಟ್ಸ್ ಆಫ್ ಐರನ್ 4 ಇದನ್ನ ಚೆನ್ನಾಗಿ ಬಿಡಿಸಿದೆ: ಕಂಪ್ಯೂಟರ್ ದೇಶಗಳು ಇತಿಹಾಸದ ದಾರಿಯಲ್ಲೇ ಹೋಗಲಿ ಅಂತ ಒಂದು ಗುಂಡಿ ಒತ್ತಬಹುದು, ಆದರೆ ನಿಮ್ಮ ಕೈ ಕಟ್ಟಲ್ಲ. ನೀವೂ ಕಂಪ್ಯೂಟರ್‌ಗೆ ಒಲವು ಕೊಡಿ, ಹಗ್ಗ ಬೇಡ.

ಮುಗಿದ ಮೇಲೆ ಯಾವ ದೇಶವನ್ನೂ ಹಿಡಿಯದೆ ಆಟವನ್ನ ತಾನೇ ಓಡೋಕೆ ಬಿಟ್ಟು, 1600ರ ನಕ್ಷೆ ತೆಗೆದು ನೋಡಿ. ಹೀಗೇ ಕೆಲವು ಸಲ. ಪ್ರತಿ ಸಲ ವಿಜಯನಗರ ಬಿದ್ದಿದ್ದರೆ ಎಲ್ಲೋ ತಾರೀಖು ನುಸುಳಿದೆ ಅಂತ ತಿಳೀರಿ. ಒಮ್ಮೆಯೂ ಬೀಳದಿದ್ದರೆ ಸುಲ್ತಾನರಿಗೆ ಸಿಟ್ಟು ಬರೋದು ನಿಧಾನವಾಗಿದೆ, ಆ ಅಂಕಿ ತಿದ್ದಿ.